ಮೂರು ಕಲ್ಲಿನ ಒಲೆಯೂ ಹಿತ್ತಾಳೆಯ ಸ್ಟೋವೂ

ಸೀಮೆಎಣ್ಣೆ, ಪೆಟ್ರೋಲುಗಳಂಥ ದ್ರವ ಇಂಧನದಿಂದ ಉರಿಯುವ ಹಿತ್ತಾಳೆಯ ಸಣ್ಣ ಒಲೆಗಳನ್ನು ಯುರೋಪು ಮತ್ತು ಅಮೆರಿಕದ ಸಂಗ್ರಾಹಕರು ಬಿಡಾರದ ಒಲೆಗಳೆಂದು, ಅಂದರೆ ಬೆಟ್ಟ ಹತ್ತುವವರೂ ಸೈನಿಕರೂ ದೂರ ಪ್ರವಾಸಿಗಳೂ ಬೆನ್ನ ಮೇಲೆ ಹೊತ್ತು ಒಯ್ದ ಸಾಧನಗಳೆಂದು ವಿಂಗಡಿಸಿ ಕಾಪಾಡಿಕೊಂಡು ಬಂದಿದ್ದಾರೆ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸುಪಾಸಿನ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳಲ್ಲಿ ಅದೇ ಒಲೆಯ ಚರಿತ್ರೆ ಇದಕ್ಕೆ ತೀರ ವಿರುದ್ಧವಾದುದು. ಇಲ್ಲಿ ನಿಜವಾಗಿ ಬಯಲಿನಲ್ಲಿ ಬಿಡಾರ ಹೂಡಿದವರು, ಎಂದರೆ ಶ್ರೀಶೈಲಕ್ಕೆ ನಡೆದುಹೋಗುವ ಪಾದಯಾತ್ರಿಗಳು, ಸವದತ್ತಿಯ ಜಾತ್ರೆಗೆ ಚಕ್ಕಡಿ ಕಟ್ಟಿದವರು, ಕಬ್ಬು ಕಡಿಯಲು ಬಂದ ತಂಡದವರು, ಮೂರು ಕಲ್ಲು ಹೂಡಿ ಕಟ್ಟಿಗೆ ಉರಿಸಿದರು. ಸ್ಟೋವು ನೇಕಾರರ ಮನೆಯಲ್ಲಿ, ಚಾದಂಗಡಿಯಲ್ಲಿ, ವಿದ್ಯಾರ್ಥಿಯ ಬಾಡಿಗೆ ಕೋಣೆಯಲ್ಲಿ, ವರ್ಗವಾಗಿ ಬಂದ ನೌಕರನ ಸಂಸಾರದಲ್ಲಿ ನೆಲೆ ನಿಂತಿತು. ಪ್ರಯಾಣಕ್ಕೆಂದು ಹೆಸರಾದ ವಸ್ತುವೊಂದು ಇಲ್ಲಿ ಮನೆಯ ವಸ್ತುವಾದುದು ಹೇಗೆ, ಪ್ರಯಾಣಿಕರು ಅದನ್ನು ಏಕೆ ಬೇಡವೆಂದರು ಎಂಬ ಎರಡು ಪ್ರಶ್ನೆಗಳನ್ನು ಬಿಟ್ಟು ಈ ಸೀಮೆಯ ಸ್ಟೋವುಗಳನ್ನು ಅಳೆಯಲು ಹೊರಟರೆ ಕೈಗೆ ಬರುವುದು ಬರೀ ಹಿತ್ತಾಳೆಯ ತೂಕ.

ಈ ನಾಲ್ಕು ಊರುಗಳ ಸುತ್ತಲಿನ ನೆಲ ಬಹುಪಾಲು ಕರಿಮಣ್ಣಿನ ಎರೆ. ಮಲೆನಾಡಿನಂತೆ ಕಾಡಿನ ಕಟ್ಟಿಗೆ ಇಲ್ಲಿ ಎಂದೂ ಹೇರಳವಾಗಿರಲಿಲ್ಲವಾದ್ದರಿಂದ ಒಲೆಗೆ ಬೇಕಾದುದನ್ನು ಹೊಲ ಮತ್ತು ಹಟ್ಟಿಯಿಂದಲೇ ತರಬೇಕಾಗಿತ್ತು: ಹತ್ತಿ ಮತ್ತು ತೊಗರಿಯ ಒಣಗಿದ ಕಡ್ಡಿ, ಸಗಣಿಯನ್ನು ತಟ್ಟಿ ಒಣಗಿಸಿದ ಕುಳ್ಳು, ಹಳ್ಳದ ದಂಡೆಯ ಜಾಲಿ, ನೀರಾವರಿ ಬಂದು ಕಬ್ಬು ಹಬ್ಬಿದ ಮೇಲೆ ಅದರ ಒಣಗಿದ ಎಲೆಯಾದ ರವದಿ. ಹೊಲವಿದ್ದವರಿಗೆ ಇವು ಪುಕ್ಕಟೆಯಾಗಿ ದೊರೆಯುತ್ತಿದ್ದವು. ಹೊಲವಿಲ್ಲದ ನೇಕಾರನಿಗೆ, ವ್ಯಾಪಾರಿಗೆ, ಸಂಬಳದ ನೌಕರನಿಗೆ ದುಡ್ಡು ಕೊಟ್ಟು ಕೊಳ್ಳುವ ಸರಕುಗಳಾಗಿದ್ದವು. ಸೀಮೆಎಣ್ಣೆಯ ಒಲೆಗೆ ಮೊದಲು ಬಾಗಿಲು ತೆರೆದವರು ಈ ಎರಡನೆಯ ವರ್ಗದವರೆಂಬುದನ್ನು ಗಮನಿಸಬೇಕು.

ಸ್ವಾತಂತ್ರ್ಯದ ಮೊದಲು ಈ ಪ್ರದೇಶ ಒಂದೇ ಆಡಳಿತದ ಕೆಳಗೆ ಇರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಬನಹಟ್ಟಿ ಜಮಖಂಡಿಗೆ ಸೇರಿದ್ದರೆ ಅದಕ್ಕೆ ಹೊಂದಿಕೊಂಡ ರಬಕವಿ ಸಾಂಗಲಿ ಸಂಸ್ಥಾನದ್ದಾಗಿತ್ತು. ಬೀಳಗಿ ನೇರವಾಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿತ್ತು. ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರಲ್ಲಿ ಇಡೀ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಿ, 1997ರಲ್ಲಿ ಬಾಗಲಕೋಟೆ ಜಿಲ್ಲೆ ರೂಪುಗೊಂಡಿತು. ಆಡಳಿತಗಳು ಬೇರೆಯಾಗಿದ್ದರೂ ಹೊರಗಿನ ಸರಕಿಗೆ ಹತ್ತಿರವಿದ್ದ ರೈಲು ನಿಲ್ದಾಣಗಳು ಪಶ್ಚಿಮಕ್ಕೆ ಕುಡಚಿ, ಆಗ್ನೇಯಕ್ಕೆ ಬಾಗಲಕೋಟೆ. ಸೀಮೆಎಣ್ಣೆ ಆ ಕಾಲದಲ್ಲಿ ನಾಲ್ಕು ಗ್ಯಾಲನ್, ಎಂದರೆ ಸುಮಾರು 18 ಲೀಟರ್ ಹಿಡಿಯುವ ಚೌಕ ಡಬ್ಬಿಗಳಲ್ಲಿ ಮಾರಾಟವಾಗುತ್ತಿತ್ತು. ಎಣ್ಣೆ ತೀರಿದ ಮೇಲೆ ಡಬ್ಬಿ ನೀರು ಹೊರಲು, ಕಾಳು ತುಂಬಿಡಲು, ಬಿಡಿಸಿ ತಗಡಾದರೆ ಮಾಡಿಗೆ ಹೊದಿಸಲು ಬರುತ್ತಿತ್ತು. ಜನ ಸೀಮೆಎಣ್ಣೆಯನ್ನು ಚಿಮಣಿ ಎಣ್ಣೆ ಎಂದು ಕರೆದದ್ದು ಅದು ಮೊದಲು ದೀಪದ ಎಣ್ಣೆಯಾಗಿ ಬಂದದ್ದರಿಂದ. ಕರಾಡದ ಬಳಿಯ ಓಗಲೆವಾಡಿಯಲ್ಲಿ ಓಗಲೆ ಗ್ಲಾಸ್ ವರ್ಕ್ಸ್ ಸಂಸ್ಥೆ ತಯಾರಿಸಿದ ‘ಪ್ರಭಾಕರ’ ಕಂದೀಲು ದಕ್ಷಿಣ ಮಹಾರಾಷ್ಟ್ರದಲ್ಲಿ, ಈ ಸಂಸ್ಥಾನಗಳ ನೆರೆಯಲ್ಲಿಯೇ ಹುಟ್ಟಿದ ಸ್ವದೇಶಿ ವಸ್ತು. ದೀಪಕ್ಕೆಂದು ಮನೆಗೆ ಬಂದ ಎಣ್ಣೆ ಒಲೆಗೆ ಇಳಿಯಲು ಇನ್ನೊಂದು ಯಂತ್ರ ಬರಬೇಕಾಗಿತ್ತು.

ಆ ಯಂತ್ರ ಸ್ವೀಡನ್ನಿನದು. ದ್ರವ ಇಂಧನವನ್ನು ಮೊದಲು ಆವಿಯಾಗಿಸಿ ಆಮೇಲೆ ಉರಿಸುವ ಊದುದೀಪವನ್ನು, ಎಂದರೆ ಬೆಸುಗೆಗಾರರು ಬಳಸುವ ಬ್ಲೋ ಲ್ಯಾಂಪನ್ನು, ಕಾರ್ಲ್ ರಿಚರ್ಡ್ ನ್ಯೂಬರ್ಗ್ 1880ರ ದಶಕದ ಆರಂಭದಲ್ಲಿ ರೂಪಿಸಿದ್ದನು. ಸ್ಟಾಕ್‌ಹೋಮಿನ ಕುಶಲಕರ್ಮಿ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಆ ತತ್ತ್ವವನ್ನು ಮೇಲ್ಮುಖವಾಗಿ ಉರಿಯುವ ಅಡುಗೆಯ ಒಲೆಗೆ ಅಳವಡಿಸಿದನು, ಮತ್ತು 1892ರ ಹೊತ್ತಿಗೆ ಅದು ಪ್ರೈಮಸ್ ಎಂಬ ಹೆಸರಿನಲ್ಲಿ ಪೇಟೆಗೆ ಬಂದಿತು. ಅದರ ಕೆಲಸದ ಕ್ರಮ ಹೀಗಿದೆ. ಕೆಳಗಿನ ಹಿತ್ತಾಳೆಯ ತೊಟ್ಟಿಯಲ್ಲಿ ಎಣ್ಣೆ ಮುಕ್ಕಾಲು ಭಾಗ ತುಂಬಿರುತ್ತದೆ. ಪಂಪಿನ ದಂಡವನ್ನು ಒತ್ತಿದಾಗ ಅದರ ತುದಿಯ ತೊಗಲಿನ ವಾಶರ್ ಗಾಳಿಯನ್ನು ತೊಟ್ಟಿಗೆ ತಳ್ಳುತ್ತದೆ, ತಳದ ಸಣ್ಣ ಕವಾಟ ಆ ಗಾಳಿ ಹಿಂದಿರುಗದಂತೆ ತಡೆಯುತ್ತದೆ. ಒತ್ತಡಕ್ಕೆ ಸಿಕ್ಕಿದ ಎಣ್ಣೆ ನಡುವಿನ ಕೊಳವೆಯಲ್ಲಿ ಏರಿ ಬರ್ನರಿನ ಸುತ್ತುಕೊಳವೆಗಳನ್ನು ಸೇರುತ್ತದೆ. ಅವು ಮೊದಲೇ ಕಾದಿದ್ದರೆ ಎಣ್ಣೆ ಅಲ್ಲಿ ಆವಿಯಾಗಿ, ನಿಪ್ಪಲಿನ ಸೂಜಿಮೊನೆಯಷ್ಟು ಸಣ್ಣ ರಂಧ್ರದಿಂದ ಚಿಮ್ಮಿ, ಗಾಳಿಯೊಡನೆ ಬೆರೆತು ಮಸಿಯಿಲ್ಲದ ನೀಲಿ ಜ್ವಾಲೆಯಾಗುತ್ತದೆ. ಒಮ್ಮೆ ಹೊತ್ತಿದ ಜ್ವಾಲೆಯೇ ಕೊಳವೆಗಳನ್ನು ಕಾಯಿಸುತ್ತ ಮುಂದಿನ ಎಣ್ಣೆಯನ್ನು ಆವಿಯಾಗಿಸುವುದರಿಂದ ಆರಂಭದ ಕಾವನ್ನು ಮಾತ್ರ ಹೊರಗಿನಿಂದ ಕೊಡಬೇಕು; ಅದಕ್ಕಾಗಿ ಬರ್ನರಿನ ಕೊರಳಲ್ಲಿ ಸ್ಪಿರಿಟ್ ಸುರಿಯುವ ಬಟ್ಟಲಿದೆ. ಆರಿಸಲು ತೊಟ್ಟಿಯ ತಿರುಪನ್ನು ಸಡಿಲಿಸಿ ಗಾಳಿಯನ್ನು ಹೊರಬಿಟ್ಟರೆ ಸಾಕು. ಬಯಲಾಟದ ರಂಗಕ್ಕೂ ಮದುವೆಯ ಮೆರವಣಿಗೆಗೂ ಬೆಳಕಾದ ಗ್ಯಾಸ್‌ಬತ್ತಿ ಸಹ ಇದೇ ತತ್ತ್ವದ ಕೂಸು. ಅದರಲ್ಲಿ ಆವಿಯ ಉರಿ ಪಾತ್ರೆಯ ಬದಲು ಮ್ಯಾಂಟಲನ್ನು ಕಾಯಿಸುತ್ತದೆ, ಅಷ್ಟೇ ವ್ಯತ್ಯಾಸ.

ಸಂಗ್ರಾಹಕರು ಮಾಡುವ ಹೋಲಿಕೆಗಳಲ್ಲಿ ಮುಖ್ಯವಾದುದು ಬರ್ನರಿನದು. ಆವಿ ಒಂದು ತಟ್ಟೆಗೆ ಬಡಿದು ಸುತ್ತಲೂ ಹರಡುವ ಬಗೆಯದು ಭರ್ರೆಂದು ಸದ್ದು ಮಾಡುತ್ತದೆ. ನೂರಾರು ಸಣ್ಣ ತೂತುಗಳ ಟೊಪ್ಪಿಗೆಯ ಮೂಲಕ ಉರಿಯುವುದು ಸದ್ದಿಲ್ಲದ ಬಗೆ. ಎರಡನೆಯದು ಕಿವಿಗೆ ಹಿತ, ಕಾವನ್ನು ಸಮನಾಗಿ ಹರಡುತ್ತದೆ, ಆದರೆ ಕೊಳಕು ಎಣ್ಣೆಗೆ ಬೇಗ ಕಟ್ಟಿಕೊಳ್ಳುತ್ತದೆ. ಮೊದಲನೆಯದು ಒರಟಾದರೂ ಗಾಳಿಗೂ ಕಸಕ್ಕೂ ಜಗ್ಗುವುದಿಲ್ಲ. ಎರಡನೆಯ ಹೋಲಿಕೆ ಇಂಧನದ್ದು. ಮನೆಬಳಕೆಯ ಪ್ರೈಮಸ್ 1ನೆಯ ನಂಬರಿನ ಒಲೆಯಾಗಲಿ, ಬಿಚ್ಚಿ ತಗಡಿನ ಪೆಟ್ಟಿಗೆಯಲ್ಲಿ ಅಡಕಗೊಳಿಸಿ ಒಯ್ಯಬಹುದಾದ 96ನೆಯ ನಂಬರಿನ ಪುಟ್ಟ ಒಲೆಯಾಗಲಿ ಸೀಮೆಎಣ್ಣೆಯವು. 1955ರಲ್ಲಿ ಬಂದ ಸ್ವೆಯಾ 123 ಎಂಬ ಒಲೆ ಪೆಟ್ರೋಲಿನದು. ಅದಕ್ಕೆ ಪಂಪೇ ಇಲ್ಲ, ಉರಿಯ ಕಾವಿನಿಂದ ತೊಟ್ಟಿ ಬೆಚ್ಚಗಾಗಿ ಒತ್ತಡ ತಾನೇ ಹುಟ್ಟುತ್ತದೆ. ಪೆಟ್ರೋಲು ಚಳಿಯಲ್ಲಿಯೂ ಸುಲಭವಾಗಿ ಹೊತ್ತುತ್ತದೆ, ಆರಂಭದ ಕಾವನ್ನು ಹೆಚ್ಚು ಬೇಡುವುದಿಲ್ಲ. ಸೀಮೆಎಣ್ಣೆ ಹೊತ್ತಿಸುವವನ ತಾಳ್ಮೆಯನ್ನು ಬೇಡುತ್ತದೆ, ಚೆಲ್ಲಿದರೆ ಮಾತ್ರ ಕಡಿಮೆ ಅಪಾಯ. ನಾನ್ಸೆನ್‌ನ ಉತ್ತರಧ್ರುವ ಯಾನದಲ್ಲಿಯೂ ಅಮುಂಡ್ಸೆನ್ 1911ರಲ್ಲಿ ದಕ್ಷಿಣಧ್ರುವ ಮುಟ್ಟಿದ ಪ್ರಯಾಣದಲ್ಲಿಯೂ ಹಿಮವನ್ನು ಕರಗಿಸಿದ್ದು ಪ್ರೈಮಸ್. 1953ರ ಮೇ 29ರ ಬೆಳಿಗ್ಗೆ ಎವರೆಸ್ಟಿನ ಕೊನೆಯ ಬಿಡಾರದಲ್ಲಿ ಹಿಲರಿ ತನ್ನ ಹೆಪ್ಪುಗಟ್ಟಿದ ಬೂಟುಗಳನ್ನು ಇಂಥದೇ ಒಲೆಯ ಉರಿಗೆ ಹಿಡಿದು ಮೆತ್ತಗೆ ಮಾಡಿಕೊಂಡನು. ದ್ರವ ಇಂಧನದ ಪ್ರೈಮಸ್ ಒಲೆಗಳ ತಯಾರಿಕೆ 1962ರಲ್ಲಿ ಆಪ್ಟಿಮಸ್ ಕಂಪನಿಯ ಕೈಸೇರಿತು.

ಈ ವೀರಗಾಥೆಗೆ ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಅರ್ಥವಿರಲಿಲ್ಲ. ಅಲ್ಲಿ ಪಡಸಾಲೆಯನ್ನು ಆಕ್ರಮಿಸಿದ್ದು ಕುಣಿಮಗ್ಗ, ಎಂದರೆ ನೇಕಾರ ನೆಲದ ತಗ್ಗಿನಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುವ ಕೈಮಗ್ಗ. ಅದರ ಸ್ಥಾನವನ್ನು ಮುಂದೆ ವಿದ್ಯುತ್ ಮಗ್ಗ ಹಿಡಿಯಿತು. ನೂಲು, ಹಾಸು, ನೇಯ್ದ ಸೀರೆ ಎಲ್ಲವೂ ಮಲಗುವ, ಉಣ್ಣುವ ಜಾಗದಲ್ಲಿಯೇ ಇರುವ ಮನೆಯಲ್ಲಿ ಕುಳ್ಳಿನ ಹೊಗೆ ಮತ್ತು ಹಾರುವ ಬೂದಿ ಬರೀ ಕಣ್ಣಿನ ಕಿರಿಕಿರಿಯಾಗಿರದೆ ಮಾಲಿನ ಹಾನಿಯೂ ಆಗಿದ್ದವು. ನಸುಕಿನಲ್ಲಿ ಮಗ್ಗಕ್ಕೆ ಕೂಡುವವನಿಗೆ ಚಾ ಬೇಕು, ಅದಕ್ಕಾಗಿ ಇಡೀ ಒಲೆ ಹೊತ್ತಿಸುವುದು ದಂಡ. ಐದು ನಿಮಿಷದಲ್ಲಿ ಹೊತ್ತಿಸಿ ಆರಿಸಬಹುದಾದ ಉರಿ ಇಂಥ ಮನೆಗೆ ಹೇಳಿ ಮಾಡಿಸಿದ್ದು. ಆದರೂ ನೂಲಿಗೆ ಹಚ್ಚುವ ಗಂಜಿಯನ್ನು ದೊಡ್ಡ ಪಾತ್ರೆಯಲ್ಲಿ ಕುದಿಸುವ ಕೆಲಸ ಕಟ್ಟಿಗೆಯ ಒಲೆಗೇ ಉಳಿಯಿತು. ಚಾದಂಗಡಿಗಳಿಗೆ ಭರ್ರೆನ್ನುವ ಬರ್ನರೇ ಒಪ್ಪುವಂಥದು: ಕಿತ್ತಲಿಯ ತಳಕ್ಕೆ ತೀವ್ರವಾದ ಕಾವು, ರಸ್ತೆಯ ಗಾಳಿಗೆ ಆರದ ಉರಿ, ಕೆಟ್ಟ ಎಣ್ಣೆಗೂ ನಡೆಯುವ ನಿಪ್ಪಲು. ಮಗ್ಗಗಳ ಸದ್ದಿನ ಊರಲ್ಲಿ ಒಲೆಯ ಸದ್ದು ದೋಷವೆನಿಸಲೂ ಇಲ್ಲ.

ಸ್ಟೋವಿಗೆ ಈ ಸೀಮೆಯಲ್ಲಿ ಸೋಲುಂಟಾದದ್ದು ಜೋಳದ ರೊಟ್ಟಿಯ ಮುಂದೆ, ಮತ್ತು ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು ಅಗಲವಾದುದು, ಭಾರವಾದುದು. ಅದಕ್ಕೆ ಬೇಕಾದುದು ಅಂಚಿನವರೆಗೆ ಹರಡಿದ ಮಂದವಾದ ಕಾವು. ಪಂಪಿನ ಸ್ಟೋವಿನ ಜ್ವಾಲೆಯಾದರೋ ನಡುವಿಗೇ ನಾಟುತ್ತದೆ, ನಡು ಸೀಯುವ ಹೊತ್ತಿಗೆ ಅಂಚು ಹಸಿಯಾಗಿರುತ್ತದೆ. ಮೂರು ಸಣ್ಣ ಕಾಲಿನ, ಎತ್ತರದ ಒಲೆಯ ಮೇಲೆ ಭಾರದ ಹಂಚನ್ನಿಟ್ಟು, ಅದರ ಮೇಲೆ ರೊಟ್ಟಿ ಹಾಕಿ ಒದ್ದೆ ಅರಿವೆಯಿಂದ ನೀರು ಸವರಿ ತಿರುವುವಾಗ ಒಲೆಯೇ ವಾಲುವ ಭಯ ಬೇರೆ. ಎಲ್ಲಕ್ಕಿಂತ ಹೆಚ್ಚಿನ ಕೊರತೆ ಕೆಂಡದ್ದು: ಹಂಚಿನಿಂದ ತೆಗೆದ ರೊಟ್ಟಿಯನ್ನು ಒಲೆಯ ಬಾಯಿಯ ಕೆಂಡಕ್ಕೆ ಆನಿಸಿ ನಿಲ್ಲಿಸಿದಾಗಲೇ ಅದು ಉಬ್ಬಿ ಹದಗೊಳ್ಳುವುದು, ಸ್ಟೋವಿಗೆ ಕೆಂಡವಿಲ್ಲ. ನೇರ ಉರಿಗೆ ಹಿಡಿದರೆ ಎಣ್ಣೆಯ ವಾಸನೆ ರೊಟ್ಟಿಗೆ ಹತ್ತುತ್ತದೆಂಬ ದೂರು ಅದರ ಜತೆಗೆ. ಹೀಗಾಗಿ ಬಹಳಷ್ಟು ಮನೆಗಳಲ್ಲಿ ಒಂದು ಒಪ್ಪಂದ ತಾನಾಗಿ ಏರ್ಪಟ್ಟಿತು: ರೊಟ್ಟಿ ಮತ್ತು ಸ್ನಾನದ ನೀರು ಕಟ್ಟಿಗೆಯ ಒಲೆಗೆ, ಚಾ, ಪಲ್ಯ, ಒಗ್ಗರಣೆ, ಮಗುವಿನ ಹಾಲು, ರಾತ್ರಿ ಬಂದ ಬೀಗರ ಉಪ್ಪಿಟ್ಟು ಸ್ಟೋವಿಗೆ. ದೇವರ ನೈವೇದ್ಯವನ್ನು ಮಡಿಯಲ್ಲಿ ಮಾಡುವ ಮನೆಗಳು ಸ್ಟೋವನ್ನು ಆ ಕೆಲಸದಿಂದ ದೂರವೇ ಇಟ್ಟವು. ಅಕ್ಕಿಯುಣ್ಣುವ ನಗರಗಳಲ್ಲಿ ಸ್ಟೋವು ಒಲೆಯನ್ನು ಹೊರಹಾಕಿದಷ್ಟು ಸುಲಭವಾಗಿ ಜೋಳದ ಸೀಮೆಯಲ್ಲಿ ಹೊರಹಾಕಲಿಲ್ಲ.

ಪ್ರಯಾಣಿಕರು ಸ್ಟೋವನ್ನು ಒಯ್ಯದಿದ್ದುದಕ್ಕೂ ರೊಟ್ಟಿಯೇ ಅರ್ಧ ಕಾರಣ. ಯುಗಾದಿಯ ಹೊತ್ತಿಗೆ ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕೆ ಈ ತಾಲೂಕುಗಳಿಂದ ಸಾವಿರಾರು ಜನ ನೂರಾರು ಕಿಲೋಮೀಟರ್ ನಡೆದುಹೋಗುತ್ತಾರೆ. ಮಲ್ಲಯ್ಯನ ಕಂಬಿಯನ್ನು, ಎಂದರೆ ಅಲಂಕರಿಸಿದ ಪವಿತ್ರ ದಂಡವನ್ನು, ಹೊತ್ತ ತಂಡಗಳು ಮುಂದೆ ಸಾಗುತ್ತವೆ. ಇವರ ಬುತ್ತಿ ಕಟಕ ರೊಟ್ಟಿ, ಎಂದರೆ ನೀರಂಶವೆಲ್ಲ ಹೋಗುವಂತೆ ಒಣಗಿಸಿದ ಗರಿಗರಿಯಾದ ರೊಟ್ಟಿ, ಅದರೊಡನೆ ಶೇಂಗಾ ಚಟ್ನಿ. ವಾರಗಟ್ಟಲೆ ಕೆಡದ ಈ ಆಹಾರಕ್ಕೆ ದಾರಿಯಲ್ಲಿ ಬೆಂಕಿಯೇ ಬೇಡ. ಬೆಂಕಿ ಬೇಕಾದ ಸಾರಿಗೂ ಚಾಕ್ಕೂ ದಾರಿಯುದ್ದಕ್ಕೂ ಭಕ್ತರು ನಡೆಸುವ ದಾಸೋಹಗಳಿವೆ, ಇಲ್ಲದ ಕಡೆ ಮೂರು ಕಲ್ಲುಗಳಿವೆ. ಹಿಮದ ನಾಡಿನ ಪ್ರಯಾಣಿಕನಿಗೆ ಕುಡಿಯುವ ನೀರನ್ನು ಪಡೆಯಲೂ ಒಲೆ ಬೇಕಿತ್ತು. ಎರೆಯ ನಾಡಿನ ಪ್ರಯಾಣಿಕನು ಅಡುಗೆಯನ್ನು ಮನೆಯಲ್ಲಿಯೇ ಮುಗಿಸಿ ಹೊರಡುತ್ತಿದ್ದನು. ಹಿತ್ತಾಳೆಯ ಬೆಲೆ, ಎಣ್ಣೆಯ ಡಬ್ಬಿ ಹೊರುವ ಭಾರ, ಕಟ್ಟಿದ ನಿಪ್ಪಲನ್ನು ಬಿಡಿಸುವ ಪಿನ್ನು ಮತ್ತು ಸ್ಪಿರಿಟ್ ಕಳೆದುಹೋದರೆ ಎದುರಾಗುವ ಪೇಚು ಇವನ್ನೂ ಲೆಕ್ಕಕ್ಕೆ ಹಿಡಿದರೆ ಅವನ ಆಯ್ಕೆ ಹಿಂದುಳಿದುದಲ್ಲ, ವಿವೇಕದ್ದು. ರೈಲಿನಲ್ಲಿ ಸೀಮೆಎಣ್ಣೆ ಒಯ್ಯುವುದಂತೂ ಶಿಕ್ಷಾರ್ಹ ಅಪರಾಧ. ಕಬ್ಬು ಕಡಿಯುವ ತಂಡದವರು ತಿಂಗಳುಗಟ್ಟಲೆ ಗುಡಿಸಲು ಹಾಕಿ ಬಾಳಿದರೂ ಅವರ ಸುತ್ತ ರವದಿ ಬೇಕಾದಷ್ಟಿತ್ತು, ಸೀಮೆಎಣ್ಣೆ ಕೊಡಿಸುವ ರೇಷನ್ ಕಾರ್ಡು ಅವರ ಸ್ವಂತ ಊರಲ್ಲಿತ್ತು.

ಕಾರ್ಡಿನ ಮಾತು ಇಲ್ಲಿ ಗೌಣವಲ್ಲ. ಎರಡನೆಯ ಮಹಾಯುದ್ಧದ ಕಾಲದಿಂದ ಸೀಮೆಎಣ್ಣೆ ಹಂಚಿಕೆಯ ವಸ್ತುವಾಯಿತು. 1955ರ ಅಗತ್ಯವಸ್ತುಗಳ ಕಾಯ್ದೆಯ ಬಳಿಕ ಅದರ ನಿಯಂತ್ರಣ ಶಾಶ್ವತವಾಯಿತೆಂದೇ ಹೇಳಬೇಕು. ನ್ಯಾಯಬೆಲೆ ಅಂಗಡಿಯ ಮುಂದೆ ಕ್ಯಾನುಗಳ ಸಾಲು, ಬ್ಯಾರಲ್ಲಿನಿಂದ ಎತ್ತುವ ಕೈಪಂಪು, ಲಾಳಿಕೆ, ಕಲಬೆರಕೆಯನ್ನು ಗುರುತಿಸಲು ಎಣ್ಣೆಗೆ ಹಾಕಿದ ನೀಲಿ ಬಣ್ಣ ಇವು ಒಂದು ತಲೆಮಾರಿನ ಗೃಹಜೀವನದ ಅಂಗಗಳು. ತಳದಲ್ಲಿ ನೀರು, ತುಕ್ಕು, ಮರಳು ಸೇರಿದ ಎಣ್ಣೆಗೆ ನಿಪ್ಪಲು ಕಟ್ಟಿಕೊಳ್ಳುವುದು ದಿನದ ಗೋಳಾದ್ದರಿಂದ, ತುದಿಯಲ್ಲಿ ಕೂದಲೆಳೆಯಂಥ ತಂತಿಯುಳ್ಳ ಸ್ಟೋ ಪಿನ್ನು ಕಿರಾಣಿ ಅಂಗಡಿಯಲ್ಲಿ ಬೆಂಕಿಪೆಟ್ಟಿಗೆಯ ಪಕ್ಕದಲ್ಲಿ ತೂಗಿತು. ಮುಂಬಯಿ ಪ್ರಾಂತದ 1949ರ ಮದ್ಯನಿಷೇಧ ಕಾಯ್ದೆ ಕುಡಿಯಲು ಬಾರದಂತೆ ಮಾಡಿದ ಸ್ಪಿರಿಟನ್ನೂ ನಿಯಂತ್ರಣದಲ್ಲಿಟ್ಟಿತ್ತು ಎಂಬುದು ಸ್ಟೋವಿನ ಚರಿತ್ರೆಯಲ್ಲಿ ಯಾರೂ ನೆನೆಯದ ಒಂದು ಅಡ್ಡಸಂಗತಿ. ಸ್ಪಿರಿಟ್ ಇಲ್ಲದೆ ಬಟ್ಟಲಿಗೆ ಸೀಮೆಎಣ್ಣೆಯನ್ನೇ ಸುರಿದು ಹೊತ್ತಿಸಿದವರ ಒಲೆಗಳು ಕೊರಳತನಕ ಕಪ್ಪಾದವು. ವಾರದ ಸಂತೆಯಲ್ಲಿ ಕೂಡುವ ರಿಪೇರಿಗಾರ ವಾಶರಿಗೆ ಎಣ್ಣೆ ಹಚ್ಚಿ ಮೆತ್ತಗೆ ಮಾಡುತ್ತ, ಸೋರುವ ತೊಟ್ಟಿಗೆ ಬೆಸುಗೆ ಹಾಕುತ್ತ, ಗ್ಯಾಸ್‌ಬತ್ತಿಗೆ ಮ್ಯಾಂಟಲ್ ಕಟ್ಟುತ್ತ ಎರಡೂ ಯಂತ್ರಗಳನ್ನು ಬದುಕಿಸಿದನು. ಒಂದು ಸ್ವೀಡನ್ನಿನ ತೊಟ್ಟಿ, ಮುಂಬಯಿಯ ಬರ್ನರು, ಊರ ಕಮ್ಮಾರನ ಕಬ್ಬಿಣದ ಕಾಲು ಕೂಡಿ ಒಂದೇ ಸ್ಟೋವಾದುದು ಇಂಥವರ ಕೈಯಲ್ಲಿ.

ಪಂಪಿನ ಸ್ಟೋವಿಗೆ ಪ್ರತಿಸ್ಪರ್ಧಿಯಾಗಿ ಬಂದ ಬತ್ತಿ ಸ್ಟೋವು ಒತ್ತಡವಿಲ್ಲದೆ, ಸುತ್ತಲೂ ಜೋಡಿಸಿದ ಹಲವು ಬತ್ತಿಗಳಿಂದ ತೂತುಗಳ ಉಕ್ಕಿನ ಕೊಳವೆಯೊಳಗೆ ಉರಿಯುವಂಥದು. ಎಣ್ಣೆಯ ಬಿಕ್ಕಟ್ಟಿನ 1970ರ ದಶಕದಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಫರೀದಾಬಾದಿನ ಸಂಶೋಧನ ಕೇಂದ್ರ ‘ನೂತನ್’ ಎಂಬ ಬತ್ತಿ ಸ್ಟೋವನ್ನು ರೂಪಿಸಿತು. ಕಡಿಮೆ ಎಣ್ಣೆಗೆ ಹೆಚ್ಚು ಕಾವು ಅದರ ಗುರಿಯಾಗಿತ್ತು. ಅಗ್ಗ, ನಿಶ್ಶಬ್ದ, ಪಿನ್ನಿನ ಹಂಗಿಲ್ಲ, ಆರಿಸಿದಾಗ ಮಾತ್ರ ಕಮಟು ವಾಸನೆ. ಸಂಗ್ರಾಹಕರು ತಗಡಿನ ಈ ಒಲೆಯನ್ನು ಮುಟ್ಟುವುದಿಲ್ಲ. ಬಡವರ ಮನೆಯನ್ನು ನಡೆಸಿದ್ದು ಇದೇ ಆದ್ದರಿಂದ ಅವರ ಈ ಉಪೇಕ್ಷೆ ಸರಿಯಲ್ಲ.

ಇನ್ನೊಂದು ಸಂಗತಿಯನ್ನು ಹೊಳೆಯುವ ಹಿತ್ತಾಳೆಯ ಮರೆಯಲ್ಲಿ ಅಡಗಿಸಿಡಲಾಗದು. ಎಣ್ಣೆಗೆ ಪೆಟ್ರೋಲು ಬೆರೆತರೆ, ಉರಿಯುವಾಗಲೇ ತೊಟ್ಟಿ ತುಂಬಿಸಿದರೆ, ಕಟ್ಟಿದ ನಿಪ್ಪಲಿನ ಮೇಲೆ ವಿಪರೀತ ಪಂಪು ಹೊಡೆದರೆ ಸ್ಟೋವಿನಿಂದ ಅನಾಹುತವಾಗುವುದುಂಟು. ಆದರೆ 1970 ಮತ್ತು 80ರ ದಶಕಗಳಲ್ಲಿ ದೇಶದ ಪತ್ರಿಕೆಗಳು ವರದಿ ಮಾಡಿದ ‘ಸ್ಟೋವ್ ಸಿಡಿದು ಸಾವು’ಗಳಲ್ಲಿ ಸತ್ತವರು ಮತ್ತೆ ಮತ್ತೆ ಹೊಸದಾಗಿ ಮದುವೆಯಾದ ಸೊಸೆಯಂದಿರೇ ಆಗಿದ್ದುದನ್ನು ಮಹಿಳಾ ಸಂಘಟನೆಗಳು ಎತ್ತಿ ತೋರಿಸಿದವು, ಬೆಂಗಳೂರಿನ ವಿಮೋಚನಾ ಸಂಘಟನೆ 1990ರ ದಶಕದಲ್ಲಿ ಇಂಥ ಸಾವುಗಳನ್ನು ಬೆನ್ನುಹತ್ತಿತು. ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವೆಂದ 498ಎ ಕಲಮು 1983ರಲ್ಲಿ, ಮದುವೆಯಾದ ಏಳು ವರ್ಷದೊಳಗಿನ ವರದಕ್ಷಿಣೆ ಸಾವಿನ 304ಬಿ ಕಲಮು 1986ರಲ್ಲಿ ದಂಡಸಂಹಿತೆಗೆ ಸೇರಿದವು. ಕೊಲೆಗೆ ಅಪಘಾತದ ವೇಷ ತೊಡಿಸಲು ಒದಗಿದ ವಸ್ತುವೆಂಬುದೂ ಈ ಒಲೆಯ ಚರಿತ್ರೆಯ ಒಂದು ಅಧ್ಯಾಯವೇ.

ಅವಸಾನದ ಕಥೆ ಬೇಗ ಮುಗಿಯುವಂಥದು. ಅಡುಗೆ ಅನಿಲ ಮೊದಲು ನಗರಗಳಲ್ಲಿ, ಆಮೇಲೆ ತಾಲೂಕು ಊರುಗಳ ಅನುಕೂಲಸ್ಥರ ಮನೆಗಳಲ್ಲಿ, 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯ ಬಳಿಕ ಬಡವರ ಮನೆಗಳಲ್ಲಿಯೂ ಕಾಲಿಟ್ಟಿತು. ಪಡಿತರ ಸೀಮೆಎಣ್ಣೆಯ ಬೆಲೆಯನ್ನು ಅದೇ ವರ್ಷದಿಂದ ಸಣ್ಣ ಕಂತುಗಳಲ್ಲಿ ಏರಿಸುತ್ತ 2020ರ ಹೊತ್ತಿಗೆ ಸಬ್ಸಿಡಿಯನ್ನೇ ಇಲ್ಲವಾಗಿಸಲಾಯಿತು. ಸ್ಟೋವುಗಳು ಅಟ್ಟ ಸೇರಿದವು, ಅಲ್ಲಿಂದ ತೂಕಕ್ಕೆ ಗುಜರಿ ಸೇರಿದವು. ಜೋಳದ ರೊಟ್ಟಿಯ ಕಟ್ಟಿಗೆ ಒಲೆ ಮಾತ್ರ ಅನೇಕ ಹಿತ್ತಿಲುಗಳಲ್ಲಿ ಇಂದಿಗೂ ಉರಿಯುತ್ತಿದೆ.

ಉಳಿದವುಗಳನ್ನು ಕಲೆಹಾಕುವವರು ಕೆಲವು ಗುರುತುಗಳನ್ನು ತಿಳಿದಿರಬೇಕು. ಪ್ರೈಮಸ್ ಕಂಪನಿ 1911ರಿಂದ ತೊಟ್ಟಿಯ ಮೇಲೆ ವರ್ಷಸೂಚಕ ಅಕ್ಷರವನ್ನು ಅಚ್ಚೊತ್ತುತ್ತಿತ್ತು. ಇಂಗ್ಲಿಷಿನ ಮೊದಲ ಅಕ್ಷರ 1911ಕ್ಕೆ, ಎರಡನೆಯದು 1912ಕ್ಕೆ, ಹೀಗೆ ಮುಂದಕ್ಕೆ. ದೇಶದಲ್ಲಿ ತಯಾರಾದ ಒಲೆಗಳಲ್ಲಿ ಐಎಸ್‌ಐ ಗುರುತಿದ್ದರೆ ಅದನ್ನು ಓದಬೇಕು. ಪಂಪಿನ ಸ್ಟೋವುಗಳ ಮಾನಕದ ಸಂಖ್ಯೆ ಐಎಸ್ 1342. ಯುರೋಪಿನ ಸಂಗ್ರಾಹಕ ಬಿಡಿಭಾಗವೆಲ್ಲ ಮೂಲದ್ದೇ ಆಗಿರುವ, ಪೆಟ್ಟಿಗೆ ಸಮೇತದ ಒಲೆಗೆ ಹೆಚ್ಚು ಬೆಲೆ ಕಟ್ಟುತ್ತಾನೆ. ಈ ಸೀಮೆಯ ಮಟ್ಟಿಗೆ ಆ ಅಳತೆಗೋಲು ತಪ್ಪು. ಮೂರು ಬಾರಿ ಬೆಸುಗೆ ಕಂಡ, ಬೇರೆ ಬರ್ನರು ತೊಟ್ಟ, ಕಮ್ಮಾರನ ಕಾಲಿನ ಮೇಲೆ ನಿಂತ ಒಲೆಯೇ ಇಲ್ಲಿ ಹೆಚ್ಚು ಅಪರೂಪದ ದಾಖಲೆ, ಅದನ್ನು ತಿಕ್ಕಿ ಹೊಳಪಿಸಿ ಹೊಸದರಂತೆ ಮಾಡಿದರೆ ದಾಖಲೆ ಅಳಿಯುತ್ತದೆ. ಹಳೆಯ ಒಲೆಯನ್ನು ಉರಿಸಿ ನೋಡುವ ಆಸೆಯುಳ್ಳವರು ವಾಶರು, ಕವಾಟಗಳನ್ನು ಬದಲಿಸದೆ ಹೊತ್ತಿಸಬಾರದು, ಸೀಮೆಎಣ್ಣೆಯ ಒಲೆಗೆ ಯಾವ ಕಾರಣಕ್ಕೂ ಪೆಟ್ರೋಲು ಹಾಕಬಾರದು. ಮನೆಯ ಅಟ್ಟದಲ್ಲಿ ಇಂಥದೊಂದು ಇದ್ದವರು ಅದನ್ನು ಗುಜರಿಯವನ ತಕ್ಕಡಿಗೆ ಇಡುವ ಮೊದಲು ತೊಟ್ಟಿಯ ಮೇಲಿನ ಅಚ್ಚನ್ನೂ, ಅದು ಯಾವ ಓಣಿಯ ಯಾವ ಕಸುಬಿನ ಮನೆಯಲ್ಲಿ ಉರಿಯಿತೆಂಬುದನ್ನೂ, ಅದರ ಮೇಲೆ ಏನನ್ನು ಬೇಯಿಸುತ್ತಿದ್ದರು, ಏನನ್ನು ಬೇಯಿಸುತ್ತಿರಲಿಲ್ಲ ಎಂಬುದನ್ನೂ ಮನೆಯ ಹಿರಿಯ ಹೆಂಗಸರನ್ನು ಕೇಳಿ ಬರೆದಿಡಬೇಕು.